ಬೆಕ್ಕು ವಾಂತಿ ಮಾಡೋದು ಸಹಜ ಅಂತ ಸುಮ್ಮನಿರಬೇಡಿ

ಬೆಳಗಿನ ಜಾವ ಎದ್ದು, ಕಣ್ಣುಜ್ಜಿಕೊಳ್ಳುತ್ತಾ ಅಡಿಗೆಮನೆಗೆ ಹೋಗುವಾಗ ಕತ್ತಲಲ್ಲಿ ಅಂಗಾಲಿಗೆ ತಣ್ಣಗೆ, ಲೋಳೆಯಾಗಿ ಏನೋ ಮೆತ್ತಿಕೊಂಡ ಅನುಭವ ನಿಮಗೆ ಆಗಿದೆಯೇ? ಬೆಕ್ಕು ಸಾಕಿದ ಮನೆಯ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಲ್ಲಿ ಕುಂಟುತ್ತಾ ಬಚ್ಚಲಿಗೆ ಹೋಗಿ ಕಾಲು ತೊಳೆದು, ಒರೆಸುವ ಬಟ್ಟೆ ತಂದು ನೆಲ ಒರೆಸಿ, "ಹಾಳಾದ ಬೆಕ್ಕು" ಅಂತ ಎರಡು ಮಾತು ಬೈದು, ಕಾಫಿಗೆ ನೀರಿಡುವಷ್ಟರಲ್ಲಿ ಅದು ಮರೆತೇ ಹೋಗಿರುತ್ತೆ. ನಾನೂ ಹಾಗೇ ವರ್ಷಗಟ್ಟಲೆ ಮರೆತೆ. ಅದರಿಂದ ಒಂದು ಬೆಕ್ಕನ್ನು ಕಳೆದುಕೊಂಡೆ. ಇನ್ನೊಂದನ್ನೂ ಕಳೆದುಕೊಳ್ಳುವುದರಲ್ಲಿದ್ದೆ. ಅದಕ್ಕೇ ಈ ಬರಹ.

ನಮ್ಮದು ನಾರ್ವೆ ಕಡೆ ಅಡಿಕೆ ತೋಟದ ಮನೆ. ಮಲೆನಾಡಿನ ಮನೆ ಅಂದಮೇಲೆ ಬೆಕ್ಕು ಇರಲೇಬೇಕು. ಅಟ್ಟದ ಮೇಲೆ ಅಡಿಕೆ, ಭತ್ತ, ಹಗ್ಗ, ಹಳೇ ಗೋಣಿಚೀಲ. ಇಲಿಗಳಿಗೆ ಅದೇ ಅರಮನೆ. ಹೀಗಾಗಿ ಬೆಕ್ಕನ್ನು ನಾವು ಮುದ್ದಿಗೆ ಅಂತ ಸಾಕಿದ್ದಲ್ಲ, ಕೆಲಸಕ್ಕೆ ಅಂತ ಸಾಕಿದ್ದು. ಹಾಲು ಕರೆದ ಹೊತ್ತಿಗೆ ಒಂದು ಚಿಪ್ಪು ಹಾಲು, ಮಧ್ಯಾಹ್ನ ಒಂದು ತುತ್ತು ಮೊಸರನ್ನ, ಉಳಿದದ್ದು ಅದರ ಪಾಡು. ಮನೆಯಲ್ಲಿ ಮೀನು, ಮೊಟ್ಟೆ ಯಾವುದೂ ಇಲ್ಲ.

ಮೊದಲು ಇದ್ದದ್ದು ಕೆಂಪ ಅನ್ನೋ ಗಂಡುಬೆಕ್ಕು. 2011ರ ಮಳೆಗಾಲದಲ್ಲಿ ಅದು ಆಗಾಗ ವಾಂತಿ ಮಾಡ್ತಿತ್ತು. "ಹಲ್ಲಿ ತಿಂದಿರ್ಬೇಕು, ಸರಿಹೋಗ್ತದೆ" ಅಂದ್ರು ಅತ್ತೆ. "ಬೆಕ್ಕು ಅಂದ್ರೆ ವಾಂತಿ ಮಾಡದೆ ಇರ್ತದೇನೇ ಮಾರಾಯ್ತಿ?" ಅಂದ್ರು ನಮ್ಮ ಮನೆಯವರು. ನಾನೂ ಹೌದು ಅಂದುಕೊಂಡೆ. ಬೆನ್ನುಮೂಳೆ ಕೈಗೆ ಸಿಗುವ ಹಾಗಾದಾಗ "ವಯಸ್ಸಾಯ್ತು" ಅಂದೆವು. ಅದಕ್ಕೆ ಆಗಿದ್ದು ಹೆಚ್ಚೆಂದರೆ ಏಳು ವರ್ಷ. ಒಂದು ದಿನ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಸತ್ತುಬಿದ್ದಿತ್ತು. ಏನಾಗಿತ್ತು ಅಂತ ಈಗ ಹೇಳೋರು ಯಾರೂ ಇಲ್ಲ.

ಕ್ಯಾಲೆಂಡರಿನ ಮೇಲೆ ಒಂದು ಗುರುತು

ಮರುವರ್ಷ ಚಿನ್ನಿ ಬಂತು. ಬೂದಿಬಣ್ಣದ ಪಟ್ಟೆಪಟ್ಟೆ ಹೆಣ್ಣುಮರಿ. ಹತ್ತು ವರ್ಷ ಅದಕ್ಕೆ ಒಂದು ಸೀನು ಬಂದದ್ದೂ ನನಗೆ ನೆನಪಿಲ್ಲ. 2022ರ ದೀಪಾವಳಿ ಕಳೆದ ಮೇಲೆ ವಾಂತಿ ಶುರುವಾಯ್ತು. ಮೊದಮೊದಲು ವಾರಕ್ಕೊಂದು, ಆಮೇಲೆ ಎರಡು. ಮನೆಯಲ್ಲಿ ಮತ್ತೆ ಅದೇ ಹಳೇ ಮಾತು, ಹಲ್ಲಿ, ವಯಸ್ಸು, ಸಹಜ. ಆದರೆ ಈ ಸಲ ನನ್ನ ಕಣ್ಣಿಗೆ ಕೆಂಪನ ಬೆನ್ನುಮೂಳೆ ಕಟ್ಟಿದಂತಿತ್ತು.

ನಾನು ಎಸ್ಸೆಸ್ಸೆಲ್ಸಿ ಓದಿದವಳು, ಡಾಕ್ಟರಿಕೆ ನನಗೆ ಗೊತ್ತಿಲ್ಲ. ಗೊತ್ತಿರೋದು ಲೆಕ್ಕ ಬರೆಯೋದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀವಲ್ಲ, ಅದೇ ಚೌಕದ ಮೂಲೆಯಲ್ಲಿ ಚಿನ್ನಿ ವಾಂತಿ ಮಾಡಿದ ದಿನ ಒಂದು ಚುಕ್ಕೆ ಇಡಲು ಶುರುಮಾಡಿದೆ. 2023ರ ಹೊಸ ಕ್ಯಾಲೆಂಡರಿನಲ್ಲಿ ಜನವರಿಗೆ ಒಂಬತ್ತು ಚುಕ್ಕೆ. ಫೆಬ್ರವರಿಗೆ ಹದಿಮೂರು. ಬಾಯಲ್ಲಿ "ಆಗಾಗ" ಅನ್ನೋದಕ್ಕೂ ಇಪ್ಪತ್ತೆಂಟು ದಿನದಲ್ಲಿ ಹದಿಮೂರು ಅಂತ ಕಣ್ಣಾರೆ ನೋಡೋದಕ್ಕೂ ಬಹಳ ವ್ಯತ್ಯಾಸ. ನಮ್ಮ ಮನೆಯವರು ಆ ಪುಟ ನೋಡಿ ಮಾತಾಡಲಿಲ್ಲ.

ಆಮೇಲೆ ತೂಕ. ಬೆಕ್ಕಿನ ಮೈತುಂಬ ಕೂದಲಿರುವುದರಿಂದ ಸೊರಗಿದ್ದು ಕಣ್ಣಿಗೆ ಕಾಣೋದೇ ಇಲ್ಲ. ದಿನಾ ನೋಡುವವರಿಗಂತೂ ಕಾಣೋದೇ ಇಲ್ಲ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನಾದಿನಿ "ಅಯ್ಯೋ ಅತ್ತಿಗೆ, ಚಿನ್ನಿ ಎಂತ ಹೀಗಾಗಿದೆ?" ಅಂದಾಗಲೇ ನನಗೆ ಚುರುಕು ಮುಟ್ಟಿದ್ದು. ಅಡಿಕೆ ತೂಗುವ ಯಂತ್ರದ ಮೇಲೆ ಬುಟ್ಟಿ ಇಟ್ಟು, ಬುಟ್ಟಿಯೊಳಗೆ ಚಿನ್ನಿಯನ್ನಿಟ್ಟು, ಬುಟ್ಟಿಯ ತೂಕ ಕಳೆದು ನೋಡಿದೆವು. 2 ಕಿಲೋ 900 ಗ್ರಾಂ. ಎರಡು ವರ್ಷದ ಹಿಂದೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದಾಗ ಕಾರ್ಡಿನಲ್ಲಿ ಬರೆದದ್ದು 4 ಕಿಲೋ 100. ಬರೀ ಒಂದು ಕಿಲೋ ಚಿಲ್ಲರೆ ತಾನೇ ಅನ್ನಬೇಡಿ. 60 ಕಿಲೋ ತೂಗುವ ಹೆಂಗಸು 42 ಕಿಲೋಗೆ ಇಳಿದರೆ ಮನೆಮಂದಿ ಸುಮ್ಮನಿರ್ತಾರೆಯೇ? ಬೆಕ್ಕಿನ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೂ ಅದು ಕಾಯಿಲೆಯ ಸೂಚನೆ ಅಂತ ಆಮೇಲೆ ಡಾಕ್ಟ್ರು ಹೇಳಿದರು. ನಿಮ್ಮ ಮನೆಯಲ್ಲಿ ಅಡಿಕೆ ಯಂತ್ರ ಇಲ್ಲದಿದ್ದರೆ ಮನುಷ್ಯರು ನಿಲ್ಲುವ ತೂಕದ ಯಂತ್ರವೂ ಆದೀತು. ಮೊದಲು ನೀವೊಬ್ಬರೇ ನಿಂತು ನೋಡಿ, ಆಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು ನೋಡಿ, ಕಳೆಯಿರಿ.

ಯಾವ ವಾಂತಿ, ಎಂಥ ವಾಂತಿ

ಒರೆಸಿ ಎಸೆಯುವ ಮೊದಲು ಒಂದು ಕ್ಷಣ ಮೂಗು ಮುಚ್ಚಿಕೊಂಡಾದರೂ ನೋಡಿ. ಹೊಟ್ಟೆ ಹಿಂಡಿ, ಮೈಯೆಲ್ಲ ಎಳೆದು, ಸದ್ದು ಮಾಡಿ ಹೊರಹಾಕಿದರೆ ಅದು ವಾಂತಿ. ತಿಂದು ಐದು ನಿಮಿಷದೊಳಗೆ, ಯಾವ ಕಷ್ಟವೂ ಇಲ್ಲದೆ, ತಿಂದ ಅನ್ನ ತಿಂದ ಹಾಗೇ ಉದ್ದಕ್ಕೆ ಹೊರಬಿದ್ದರೆ ಅದು ಬರೀ ಕಕ್ಕುವುದು. ಎರಡನೆಯದು ಅವಸರದಲ್ಲಿ ನುಂಗಿದ್ದಕ್ಕೂ ಆಗುತ್ತೆ, ಅನ್ನನಾಳದ ತೊಂದರೆಗೂ ಆಗುತ್ತೆ. ಎರಡು ಬೆಕ್ಕು ಇರುವ ಮನೆಯಲ್ಲಿ ಒಂದಕ್ಕೊಂದು ಪೈಪೋಟಿಯಲ್ಲಿ ನುಂಗುತ್ತವೆ. ಬೇರೆ ಬೇರೆ ಜಾಗದಲ್ಲಿ, ಅಗಲವಾದ ತಟ್ಟೆಯಲ್ಲಿ ಹರಡಿ, ಸ್ವಲ್ಪಸ್ವಲ್ಪವೇ ಹಾಕಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ.

ಕೂದಲ ಉಂಡೆ ಬಂದರೆ? ಬೆಕ್ಕು ದಿನವಿಡೀ ಮೈ ನೆಕ್ಕುತ್ತೆ, ಅದರ ನಾಲಗೆ ತುರಿಯುವ ಮಣೆಯ ಹಾಗೆ ಒರಟು, ಕೂದಲು ಹೊಟ್ಟೆಗೆ ಹೋಗುತ್ತೆ. ಯಾವಾಗಲೋ ಒಮ್ಮೆ ಒಂದು ಉಂಡೆ ಹೊರಬಂದರೆ ಗಾಬರಿ ಬೇಡ. ಈಗ ಪೇಟೆಯಿಂದ ಮಕ್ಕಳು ಉದ್ದ ಕೂದಲಿನ ಪರ್ಷಿಯನ್ ಬೆಕ್ಕು ತರ್ತಾರಲ್ಲ, ಅವುಗಳಿಗೆ ದಿನಾ ಬಾಚಲೇಬೇಕು. ಬಾಚಲು ಪುರುಸೊತ್ತಿಲ್ಲದವರು ಅಂಥ ಬೆಕ್ಕು ತರಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಹುಲ್ಲು ತಿನ್ನುವುದೂ ಬೆಕ್ಕಿಗೆ ಹುಟ್ಟುಗುಣ, ಅದೊಂದೇ ರೋಗವಲ್ಲ. ಆದರೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಿಳಿ ನೊರೆ, ಹಳದಿ ಪಿತ್ತ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಕೂದಲಿನ ತಲೆಗೆ ಕಟ್ಟಬೇಡಿ. ಚಿನ್ನಿಗೆ ಬರುತ್ತಿದ್ದದ್ದು ಅದೇ. ರಕ್ತ ಕಂಡರೆ, ಅಥವಾ ಕಾಫಿ ಸೋಸಿದ ಮೇಲೆ ಉಳಿಯುವ ಚರಟದ ಹಾಗೆ ಕಪ್ಪಗೆ ಬಂದರೆ ಅದೇ ದಿನ ಡಾಕ್ಟರ ಬಳಿ ಹೊರಡಬೇಕು.

ನಮ್ಮ ಮಗಳು ಒಂದು ಉಪಾಯ ಮಾಡಿದಳು. ಚಿನ್ನಿ ವಾಂತಿ ಮಾಡುವಾಗ ಮೊಬೈಲಿನಲ್ಲಿ ವಿಡಿಯೋ ಹಿಡಿದಿಟ್ಟಳು. "ಥೂ, ಅದನ್ನೂ ಹಿಡೀತಾರೇನೇ?" ಅಂತ ನಾನು ಬೈದಿದ್ದೆ. ಡಾಕ್ಟ್ರು ಮೊದಲು ಕೇಳಿದ್ದೇ ಅದನ್ನು!

ನಮ್ಮ ಮನೆಗಳಲ್ಲೇ ಇರುವ ಕಾರಣಗಳು

ಅತ್ತೆಯವರ ಹಲ್ಲಿಯ ಮಾತು ಪೂರ್ತಿ ಸುಳ್ಳಲ್ಲ ಅಂತ ಆಮೇಲೆ ತಿಳಿಯಿತು. ನಮ್ಮಂಥ ಬಿಸಿಲು ಮಳೆಯ ದೇಶಗಳಲ್ಲಿ ಬೆಕ್ಕಿನ ಪಿತ್ತನಾಳದಲ್ಲಿ ಕೂರುವ ಒಂದು ಚಪ್ಪಟೆ ಹುಳ ಇದೆ. ಬಸವನಹುಳುವಿನಿಂದ ಸಣ್ಣ ಕೀಟಕ್ಕೆ, ಕೀಟದಿಂದ ಹಲ್ಲಿಗೆ, ಹಲ್ಲಿಯಿಂದ ಬೆಕ್ಕಿಗೆ ಅದರ ಪ್ರಯಾಣ. ಹುಳ ಜಾಸ್ತಿಯಾದರೆ ಬೆಕ್ಕು ಊಟ ಬಿಡುತ್ತೆ, ವಾಂತಿ ಮಾಡುತ್ತೆ, ಸೊರಗುತ್ತೆ, ಕಣ್ಣು ಒಸಡು ಹಳದಿಯಾಗುತ್ತೆ. ಜಿರಳೆ, ಮಿಡತೆ ತಿಂದರೆ ಜಠರದ ಗೋಡೆಗೆ ಕಚ್ಚಿಕೊಳ್ಳುವ ಇನ್ನೊಂದು ಹುಳವಿದೆ, ಅದೂ ವಾಂತಿ ಬರಿಸುತ್ತೆ. ಇನ್ನು ಶ್ಯಾವಿಗೆ ಎಳೆಯಂಥ ದುಂಡು ಹುಳ ಮರಿಗಳಲ್ಲಿ ಸಾಮಾನ್ಯ. ಬಾಲದ ಕೆಳಗೆ ಅಕ್ಕಿಕಾಳು, ಸೌತೆಬೀಜದಂಥ ತುಣುಕು ಅಂಟಿದ್ದರೆ ಅದು ಲಾಡಿಹುಳ, ಚಿಗಟದಿಂದಲೂ ಇಲಿಯಿಂದಲೂ ಬರುತ್ತೆ. ಹುಳದ ಔಷಧಿ ಒಂದೇ ಬಗೆಯದಲ್ಲ, ಒಂದು ಹುಳಕ್ಕೆ ನಾಟುವ ಮಾತ್ರೆ ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ "ಹುಳದ ಮಾತ್ರೆ ಹಾಕಿದ್ದೀನಲ್ಲ" ಅಂತ ಧೈರ್ಯದಲ್ಲಿರಬೇಡಿ. ಸ್ವಲ್ಪ ಮಲ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ ಡಾಕ್ಟ್ರು ಪರೀಕ್ಷೆ ಮಾಡಿ ನೋಡ್ತಾರೆ.

ದಾರದ ವಿಷಯ ಹೇಳದಿದ್ದರೆ ತಪ್ಪಾದೀತು. ನಾವು ಹೂ ಕಟ್ಟುತ್ತೇವೆ, ಬಟ್ಟೆ ಹೊಲಿಯುತ್ತೇವೆ, ಉಳಿದ ದಾರ ನೆಲದ ಮೇಲೆ. ಬೆಕ್ಕು ಆಟವಾಡುತ್ತಾ ನುಂಗಿಬಿಡುತ್ತೆ. ದಾರದ ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಂಗದ ಲಾಡಿ ಎಳೆದಾಗ ನೆರಿಗೆ ಕೂಡುತ್ತಲ್ಲ, ಹಾಗೆ ಕರುಳು ನೆರಿಗೆ ಕೂಡುತ್ತೆ. ಬಾಯಲ್ಲಾಗಲಿ ಹಿಂದುಗಡೆಯಾಗಲಿ ದಾರ ಕಂಡರೆ ದಯವಿಟ್ಟು ಎಳೆಯಬೇಡಿ, ಕರುಳು ಸೀಳಿಹೋದೀತು. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.

ತೋಟದವರ ಮನೆಯಲ್ಲಿ ವಿಷಕ್ಕೇನು ಕಡಿಮೆಯೇ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತದ ನೀರು ತುಳಿದುಬಂದ ಬೆಕ್ಕು ಪಾದ ನೆಕ್ಕುತ್ತೆ. ಇಲಿಪಾಷಾಣ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತೆ. ಬೆಕ್ಕೂ ಬೇಕು, ಇಲಿಪಾಷಾಣವೂ ಬೇಕು ಅಂದರೆ ಆಗುವ ಮಾತಲ್ಲ. ನಮ್ಮಲ್ಲಿ ಈಗ ಪಾಷಾಣ ಇಡುವುದನ್ನೇ ಬಿಟ್ಟಿದ್ದೇವೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಪಲ್ಯವೂ ಬೆಕ್ಕಿಗೆ ಒಳ್ಳೆಯದಲ್ಲ, ಅದರ ರಕ್ತ ಕೆಡುತ್ತೆ.

ಇನ್ನು ಹಾಲು! ಬೆಕ್ಕು ಅಂದರೆ ಹಾಲು ಅಂತ ಒಂದನೇ ಕ್ಲಾಸಿನ ಪುಸ್ತಕದಿಂದಲೇ ಕಲಿತವರು ನಾವು. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತೆ. ಮೊಸರನ್ನದ ಕಥೆ ಬೇರೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಅನ್ನೋ ಒಂದು ಪೋಷಕಾಂಶ ಅದಕ್ಕೆ ಮಾಂಸ ಮೀನಿನಿಂದಲೇ ಸಿಗಬೇಕು, ಅದರ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಅದು ಸಾಲದಿದ್ದರೆ ಕಣ್ಣು ಹೋಗುತ್ತೆ ಅಂತ 1975ರಲ್ಲೂ, ಹೃದಯ ಸೋಲುತ್ತೆ ಅಂತ 1987ರಲ್ಲೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾದರೆ ನಮ್ಮ ಬ್ರಾಹ್ಮಣರ ಮನೆ ಬೆಕ್ಕುಗಳು ಇಷ್ಟು ಕಾಲ ಬದುಕಿದ್ದು ಹೇಗೆ? ಅಟ್ಟದ ಇಲಿಗಳ ಕೃಪೆ! ನಾವು ಹಾಕಿದ ಮೊಸರನ್ನ ಬರೀ ಉಪ್ಪಿನಕಾಯಿಯ ಲೆಕ್ಕ. ಬೆಕ್ಕಿಗೆ ವಯಸ್ಸಾಗಿ, ಹಲ್ಲು ಬಿದ್ದು, ಬೇಟೆ ನಿಂತ ದಿನ ಅದರ ನಿಜವಾದ ಊಟ ನಿಂತುಹೋಗುತ್ತೆ. ನಾವು ಮಾತ್ರ ಅದೇ ಮೊಸರನ್ನ ಹಾಕುತ್ತಾ "ತಿಂದರೂ ಮೈ ಹತ್ತೋದಿಲ್ಲ" ಅಂತಿರ್ತೀವಿ. ನನಗೆ ಇದು ಹೊಳೆದಾಗ ಹೊಟ್ಟೆಯಲ್ಲಿ ಸಂಕಟವಾಯ್ತು.

ಅರ್ಧ ಮಾತ್ರೆಯ ಕಥೆ

ಒಂದು ರಾತ್ರಿ ಚಿನ್ನಿಯ ಕಿವಿ ಬಿಸಿಯಾಗಿತ್ತು, ಮುದುಡಿ ಕೂತಿತ್ತು. ಹೊತ್ತಲ್ಲದ ಹೊತ್ತು. ಮಕ್ಕಳಿಗೆ ಜ್ವರ ಬಂದರೆ ಕೊಡುವ ಪ್ಯಾರಾಸಿಟಮಾಲ್ ಡಬ್ಬಿಯಲ್ಲಿತ್ತು. ಅರ್ಧ ಮುರಿದು ಜೇನಿನಲ್ಲಿ ತೇಯ್ದಿಟ್ಟಿದ್ದೆ. ನೆಕ್ಕಿಸಬೇಕು ಅನ್ನುವಷ್ಟರಲ್ಲಿ ಮಗಳು ಯಾಕೋ ನಮ್ಮ ಕಡೆಯ ದನದ ಡಾಕ್ಟರಿಗೆ ಫೋನು ಹಚ್ಚಿದಳು. "ಅಮ್ಮಾ, ಅದನ್ನು ಮೊದಲು ಚೆಲ್ಲಿ" ಅಂದರು ಅವರು. ಪ್ಯಾರಾಸಿಟಮಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒಂದೇ ಮಾತ್ರೆ ಸಾಕು, ರಕ್ತ ಕೆಟ್ಟು ಉಸಿರು ಕಟ್ಟಿ ಸಾಯುತ್ತೆ. ಸೋದರಿಯರೇ, ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಮನುಷ್ಯರ ನೋವಿನ ಮಾತ್ರೆ, ಜ್ವರದ ಮಾತ್ರೆ ಯಾವುದೂ ಬೆಕ್ಕಿಗೆ ಬೇಡ. ಆ ಜೇನಿನ ಬಟ್ಟಲು ತೊಳೆಯುವಾಗ ನನ್ನ ಕೈ ನಡುಗುತ್ತಿತ್ತು.

ಅದೇ ಡಾಕ್ಟ್ರು ಮಾರನೆಯ ದಿನ ಚಿನ್ನಿಯನ್ನು ನೋಡಿ, ಕ್ಯಾಲೆಂಡರಿನ ಚುಕ್ಕೆ ನೋಡಿ ಒಂದು ಪ್ರಶ್ನೆ ಕೇಳಿದರು. "ನೀರು ಎಷ್ಟು ಕುಡೀತದೆ?" ನನಗೆ ತಟ್ಟನೆ ನೆನಪಾಯ್ತು. ಈಚೆಗೆ ಅದು ಬಚ್ಚಲಲ್ಲಿ ಬಕೆಟ್ಟಿನ ಅಂಚಿಗೆ ಕಾಲಿಟ್ಟು ನೀರು ನೆಕ್ಕುತ್ತಿತ್ತು, ತುಳಸಿಕಟ್ಟೆಯ ಬಟ್ಟಲು ಖಾಲಿ ಮಾಡುತ್ತಿತ್ತು. "ಸೆಕೆಗೆ" ಅಂದುಕೊಂಡಿದ್ದೆ. ನಮ್ಮ ಬೆಕ್ಕುಗಳು ಉಚ್ಚೆಗೆ ತೋಟಕ್ಕೆ ಹೋಗುವುದರಿಂದ ಎಷ್ಟು ಹೊಯ್ಯುತ್ತವೆ ಅಂತ ತಿಳಿಯುವುದೂ ಇಲ್ಲ. ಬಾಯಿ ಮೂಸಿದರೆ ಅಮೋನಿಯಾದಂಥ ಒಂದು ಘಾಟು. ಒಸಡು ಮುಟ್ಟಿದರೆ ಒದ್ದೆಯಾಗಿ ಜಾರುವ ಬದಲು ಬೆರಳಿಗೆ ಅಂಟುತ್ತಿತ್ತು, ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಲೆಕ್ಕ. "ರಕ್ತ ಪರೀಕ್ಷೆ ಆಗ್ಬೇಕು, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂದರು.

ಶಿವಮೊಗ್ಗದ ದಾರಿ

ಬೆಕ್ಕಿಗೋಸ್ಕರ ಶಿವಮೊಗ್ಗಕ್ಕೆ! ಊರಿನವರು ನಕ್ಕರು. ಹಸುವಾದರೆ ಯಾರೂ ನಗುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುವ ಅಜ್ಜಿಯೊಬ್ಬಳು ಮಾತ್ರ "ಹೋಗಿ ಬನ್ನಿ ಅಮ್ಮ, ಕೊತ್ತಿಗೂ ಹೊಟ್ಟೆನೋವು ಹೊಟ್ಟೆನೋವೇ ಅಲ್ವಾ" ಅಂದಳು. ಬುಟ್ಟಿಗೆ ಹಳೇ ಸೀರೆ ಹಾಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಹಗ್ಗ ಕಟ್ಟಿದೆವು. ಕೊಪ್ಪ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು. ದಾರಿಯುದ್ದಕ್ಕೂ ಚಿನ್ನಿ ಕೂಗಿತು, ಮಂಡಗದ್ದೆ ದಾಟುವಾಗ ಸುಮ್ಮನಾಯಿತು. ಸುಮ್ಮನಾದಾಗಲೇ ಹೆಚ್ಚು ಭಯವಾಯ್ತು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ದನ, ನಾಯಿ, ಬೆಕ್ಕು ಎಲ್ಲಕ್ಕೂ ಚಿಕಿತ್ಸೆ ಇದೆ. ಓದುವ ಹುಡುಗ ಹುಡುಗಿಯರು ಸುತ್ತ ನಿಂತು ಕಲಿಯುತ್ತಾರೆ. ಒಬ್ಬ ಹುಡುಗಿ ಚಿನ್ನಿಯ ಕಾಲಿನಿಂದ ಎಷ್ಟು ಮೆತ್ತಗೆ ರಕ್ತ ತೆಗೆದಳೆಂದರೆ ಅದು ಮಿಸುಕಲೂ ಇಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ 3.4 ಇತ್ತು. ಮೂತ್ರಕೋಶ ಅಲ್ಲ, ಮೂತ್ರಪಿಂಡದ ಕಾಯಿಲೆ. ಅದನ್ನು ನಾಲ್ಕು ಹಂತವಾಗಿ ಎಣಿಸುತ್ತಾರಂತೆ, ಇದು ಮೂರನೆಯದು. ಮೂತ್ರಪಿಂಡದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವ ತನಕ ಈ ಲೆಕ್ಕ ಏರುವುದೇ ಇಲ್ಲ, ಅಷ್ಟರವರೆಗೆ ಬೆಕ್ಕು ತೋರಗೊಡುವುದೂ ಇಲ್ಲ. ಹೊರಹೋಗಬೇಕಾದ ಕಶ್ಮಲ ರಕ್ತದಲ್ಲೇ ಉಳಿದು ಹೊಟ್ಟೆ ತೊಳಸುತ್ತೆ, ವಾಂತಿಯಾಗುತ್ತೆ, ಊಟ ಬೇಡವಾಗುತ್ತೆ, ಮೈ ಕರಗುತ್ತೆ. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ ಅಂದರು.

ಹೊರಗಿನಿಂದ ನೋಡಲು ಒಂದೇ ಥರ ಕಾಣುವ ಬೇರೆ ಕಾಯಿಲೆಗಳೂ ಇವೆ. ಚೆನ್ನಾಗಿ ತಿನ್ನುತ್ತೆ, ಬಕಾಸುರನ ಹಾಗೆ ತಿನ್ನುತ್ತೆ, ಆದರೂ ಸೊರಗುತ್ತೆ, ರಾತ್ರಿಯೆಲ್ಲ ಕೂಗುತ್ತಾ ತಿರುಗುತ್ತೆ ಅಂದರೆ ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಬೆಕ್ಕಿಗೆ ಈ ಕಾಯಿಲೆ ಬರುತ್ತೆ ಅಂತ ವೈದ್ಯರು 1979ರಲ್ಲಿ ನ್ಯೂಯಾರ್ಕಿನಲ್ಲಿ ಗುರುತಿಸಿದ್ದಂತೆ, ಮಾತ್ರೆಯಿಂದ ಹತೋಟಿಗೆ ಬರುತ್ತೆ. ನೀರಡಿಕೆ, ಹಸಿವು, ಸೊರಗುವಿಕೆ ಸೇರಿದರೆ ಸಕ್ಕರೆ ಕಾಯಿಲೆಯೂ ಇರಬಹುದು, ಹೌದು, ಬೆಕ್ಕಿಗೂ! ಕರುಳಿನ ಊತ, ಗಂಟು ಕೂಡ ಹೀಗೇ ಮಾಡುತ್ತವೆ. ಯಾವುದು ಅಂತ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಇಲ್ಲದೆ ದೊಡ್ಡ ಡಾಕ್ಟರಿಗೂ ಹೇಳಲಾಗದು. ನಾನು ನೀವು ಊಹೆ ಮಾಡಿ ಔಷಧಿ ಹಾಕುವುದು ಆಮೇಲಿನ ಮಾತು.

ಕೆಲವಕ್ಕೆ ಕಾಯುವ ಸಮಯವೇ ಇಲ್ಲ. ಮರಿ ಇದ್ದಕ್ಕಿದ್ದಂತೆ ವಾಂತಿ ಭೇದಿ ಮಾಡಿ ಕುಸಿದರೆ ಅದು ಬೆಕ್ಕಿನ ಸಾಂಕ್ರಾಮಿಕ ರೋಗವಿರಬಹುದು, ಎರಡು ದಿನದಲ್ಲಿ ಮುಗಿಸಿಬಿಡುತ್ತೆ. ಅದಕ್ಕೆ ಮುಂಚೆಯೇ ಹಾಕಿಸುವ ಚುಚ್ಚುಮದ್ದು ಇದೆ. ಗಂಡುಬೆಕ್ಕು ವಾಂತಿಯನ್ನೂ ಮಾಡುತ್ತಾ, ಉಚ್ಚೆಗೆ ಕೂತು ಕೂತು ಏಳುತ್ತಾ, ತೊಟ್ಟೂ ಹೊಯ್ಯದಿದ್ದರೆ ಮೂತ್ರ ಕಟ್ಟಿದೆ ಅಂತ. ನಾಳೆ ಬೆಳಗ್ಗೆ ನೋಡೋಣ ಅಂದರೆ ನಾಳೆ ಬೆಳಗ್ಗೆ ಅದಿರುವುದಿಲ್ಲ. ಕುಡಿದ ನೀರೂ ನಿಲ್ಲದಿದ್ದರೂ ಅಷ್ಟೇ. ಇನ್ನು ಅತ್ತೆಯವರ "ಲಂಘನಂ ಪರಮೌಷಧಂ" ಬೆಕ್ಕಿಗೆ ಹೇಳಿದ್ದಲ್ಲ. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ಕಾಯಿಲೆಯಾಗುತ್ತೆ.

ಜರಡಿಯ ಮೊಳೆಯಲ್ಲಿ ಸಲೈನ್ ಬಾಟಲಿ

"ಇದು ವಾಸಿಯಾಗೋ ಕಾಯಿಲೆ ಅಲ್ಲ ಅಮ್ಮ, ಆದ್ರೆ ಇರೋಷ್ಟು ದಿನ ಚೆನ್ನಾಗಿ ಇಟ್ಕೋಬಹುದು" ಅಂದರು ಡಾಕ್ಟ್ರು. ಎರಡು ದಿನ ಅಲ್ಲೇ ಡ್ರಿಪ್ ಹಾಕಿ, ವಾಂತಿ ನಿಲ್ಲಲು ಔಷಧಿ ಕೊಟ್ಟು, ನನಗೆ ಒಂದು ವಿದ್ಯೆ ಕಲಿಸಿ ಕಳಿಸಿದರು. ಬೆಕ್ಕಿನ ಹೆಗಲ ನಡುವೆ ಸಡಿಲ ಚರ್ಮ ಇದೆಯಲ್ಲ, ತಾಯಿಬೆಕ್ಕು ಮರಿಯನ್ನು ಕಚ್ಚಿ ಎತ್ತುವ ಜಾಗದ ಹತ್ತಿರ, ಅದನ್ನು ಗುಡಾರದ ಹಾಗೆ ಎತ್ತಿ, ಸೂಜಿ ಚುಚ್ಚಿ, ಚರ್ಮದಡಿಗೆ ಸಲೈನ್ ಬಿಡುವುದು.

ಮೊದಲ ದಿನ ನನ್ನ ಕೈಗೆ ಧೈರ್ಯವೇ ಬರಲಿಲ್ಲ. ಚುಚ್ಚಿದ ಸೂಜಿ ಚರ್ಮದ ಇನ್ನೊಂದು ಕಡೆಯಿಂದ ಹೊರಬಂದು ಸಲೈನೆಲ್ಲ ನನ್ನ ಸೀರೆಗೆ ಸುರಿಯಿತು. ಮೂರನೆಯ ದಿನ ಸರಿಬಂತು. ಅಡಿಗೆಮನೆಯಲ್ಲಿ ಜರಡಿ ತೂಗುಹಾಕುವ ಮೊಳೆಗೆ ಬಾಟಲಿ. ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಬೆಕ್ಕಿಗೆ ಚಳಿಯಾಗುವುದಿಲ್ಲ. ದಿನ ಬಿಟ್ಟು ದಿನ 100 ಮಿಲಿ, ಹತ್ತು ನಿಮಿಷದ ಕೆಲಸ. ಹೆಗಲ ಮೇಲೆ ಇಡ್ಲಿಯಂಥ ಒಂದು ಗುಬುಟು ಏಳುತ್ತೆ, ಕೆಲವು ಸಲ ಕಾಲಿನ ಕಡೆ ಇಳಿಯುತ್ತೆ, ಸಂಜೆಯೊಳಗೆ ಇಂಗಿಹೋಗುತ್ತೆ. ಅಳತೆ ಮಾತ್ರ ಡಾಕ್ಟ್ರು ಹೇಳಿದಷ್ಟೇ, ಒಂದು ಬೆಕ್ಕಿನ ಅಳತೆ ಇನ್ನೊಂದಕ್ಕಲ್ಲ.

ಊಟದ್ದೇ ದೊಡ್ಡ ರಾಮಾಯಣ. ಮೂತ್ರಪಿಂಡದ ಕಾಯಿಲೆಗೆ ಅಂತಲೇ ಬೆಕ್ಕಿನ ಆಹಾರದ ಪೊಟ್ಟಣ ಬರುತ್ತೆ, ರಂಜಕದ ಅಂಶ ಕಡಿಮೆ ಮಾಡಿದ್ದು. ಶಿವಮೊಗ್ಗದಿಂದ ತಂದ ಪೊಟ್ಟಣವನ್ನು ಚಿನ್ನಿ ಮೂಸಿ ನೋಡಿ, ಮಣ್ಣು ಕೆರೆದು ಮುಚ್ಚುವ ಹಾಗೆ ನೆಲ ಕೆರೆದು ಹೋಯಿತು! "ತಿನ್ನದಿರೋದಕ್ಕಿಂತ ಏನಾದ್ರೂ ತಿನ್ನೋದು ಮೇಲು" ಅಂದರು ಡಾಕ್ಟ್ರು. ಬೇಯಿಸಿದ ಮೊಟ್ಟೆಯ ಬಿಳಿಭಾಗ, ಉಪ್ಪು ಹಾಕದೆ ಬೇಯಿಸಿದ ಕೋಳಿ ಸ್ವಲ್ಪ, ಪೊಟ್ಟಣದ ಜೊತೆ ಬೆರೆಸಿ ಕೊಡಲು ಹೇಳಿದರು.

ಕೋಳಿ! ನಮ್ಮ ಮನೆಯಲ್ಲಿ! ಮೂರು ದಿನ ನಾನು ಬಾಯಿಬಿಡಲಿಲ್ಲ. ಕೊನೆಗೆ ಹೇಳಿದಾಗ ಅತ್ತೆ ಏನೂ ಅನ್ನದೆ ಎದ್ದುಹೋದರು. ಮಧ್ಯಾಹ್ನ ನೋಡುತ್ತೇನೆ, ಕೊಟ್ಟಿಗೆಯ ಹಿಂದೆ, ದನದ ಬಾಯಿಲು ಬೇಯಿಸುವ ಹಳೇ ಒಲೆಯನ್ನು ಗುಡಿಸಿ ಇಟ್ಟಿದ್ದಾರೆ. ಪಕ್ಕದಲ್ಲಿ ಒಂದು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ. "ಒಳಗೆ ತರ್ಬೇಡ, ಅಷ್ಟೇ" ಅಂದರು. ಕೆಂಪನನ್ನು ಸೌದೆ ಕೊಟ್ಟಿಗೆಯಲ್ಲಿ ಮೊದಲು ಕಂಡವರು ಅವರೇ.

ಕೋಳಿ ತಿನ್ನುವ ಮನೆಯವರಿಗೆ ಇದು ಸುಲಭ. ಅಂಥವರು ಮಾಡಬೇಕಾದ್ದಿಷ್ಟೇ, ನಿಮ್ಮ ಸಾರಿಗೆ ಮಸಾಲೆ ಬೀಳುವ ಮೊದಲೇ ಎರಡು ತುಂಡು ಬೇರೆ ತೆಗೆದು, ಬರೀ ನೀರಿನಲ್ಲಿ ಮೆತ್ತಗೆ ಬೇಯಿಸಿ, ಮೂಳೆ ತೆಗೆದು, ಕೈಯಲ್ಲಿ ಬಿಡಿಬಿಡಿಯಾಗಿ ಸೀಳಿ. ಬೆಂದ ನೀರನ್ನೂ ಚೆಲ್ಲಬೇಡಿ, ಎರಡು ಚಮಚ ಮೇಲೆ ಹಾಕಿ. ಸ್ವಲ್ಪ ಬೆಚ್ಚಗಿದ್ದರೆ ವಾಸನೆ ಏಳುತ್ತೆ, ಊಟ ಬೇಡ ಅನ್ನುವ ಬೆಕ್ಕೂ ಬಂದು ಮೂಸುತ್ತೆ. ದಿನಕ್ಕೆ ಎರಡು ಸಲದ ಬದಲು ಐದಾರು ಸಲ, ಒಂದೊಂದು ಚಮಚ. ಬೇಯಿಸಿದ ಮೂಳೆ ಮಾತ್ರ ಯಾವತ್ತೂ ಬೇಡ, ಚೂಪಾಗಿ ಒಡೆದು ಗಂಟಲಿಗೋ ಕರುಳಿಗೋ ಚುಚ್ಚುತ್ತೆ.

ಖರ್ಚಾಗಲಿಲ್ಲವೇ ಅಂತ ಕೇಳ್ತೀರಿ. ಆಯಿತು. ಆ ವರ್ಷ ನಾನು ಹೊಸ ಸೀರೆ ತೆಗೆದುಕೊಳ್ಳಲಿಲ್ಲ, ಅಷ್ಟು ಹೇಳಿದರೆ ಸಾಕು.

ಏಪ್ರಿಲ್ ತಿಂಗಳ ಕ್ಯಾಲೆಂಡರಿನಲ್ಲಿ ನಾಲ್ಕು ಚುಕ್ಕೆ. ಜೂನ್‌ನಲ್ಲಿ ಎರಡು. ತೂಕ 3 ಕಿಲೋ 300ಕ್ಕೆ ಏರಿತು. ಮಳೆ ಹಿಡಿದ ಮೇಲೆ ಚಿನ್ನಿ ಮತ್ತೆ ಒಲೆಯ ಪಕ್ಕದ ಬೆಚ್ಚನೆ ಜಾಗಕ್ಕೆ ಬಂದು, ಮೈ ನೆಕ್ಕಿಕೊಳ್ಳಲು ಶುರುಮಾಡಿತು. ಕಾಯಿಲೆಯ ಬೆಕ್ಕು ಮೈ ನೆಕ್ಕುವುದನ್ನು ಬಿಟ್ಟಿರುತ್ತೆ, ನೀವು ಗಮನಿಸಿ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. 2024ರ ಮೇ ತಿಂಗಳಲ್ಲಿ ಕೋಳಿಯೂ ಬೇಡವಾಯಿತು, ಸಲೈನ್ ಇಂಗುವುದು ನಿಧಾನವಾಯಿತು. ಡಾಕ್ಟ್ರು ಮನೆಗೇ ಬಂದು ನೋಡಿ, "ಇನ್ನು ಚುಚ್ಚೋದು ಬೇಡ" ಅಂದರು. ಎರಡನೆಯ ರಾತ್ರಿ ನನ್ನ ಮಡಿಲಲ್ಲೇ ಹೋಯಿತು. ಹಿತ್ತಿಲಿನ ನಂದಿಬಟ್ಟಲ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು.

ಈಗ ಮನೆಯಲ್ಲಿ ಒಂದು ಕರಿಮರಿ ಬೆಳೆಯುತ್ತಿದೆ. ಚುಚ್ಚುಮದ್ದು, ಹುಳದ ಔಷಧಿ ಎಲ್ಲ ಆಗಿದೆ. ಪ್ರತಿ ತಿಂಗಳು ಒಂದನೇ ತಾರೀಖು, ಅಡಿಕೆ ಯಂತ್ರದ ಮೇಲೆ ಬುಟ್ಟಿ ಇಡುವ ಕೆಲಸ ಅತ್ತೆಯವರದು. ಕಣ್ಣು ಮಂಜಾದ್ದರಿಂದ ಅಂಕಿ ಮಾತ್ರ ನಾನು ಓದಿ ಹೇಳಬೇಕು.